ಅರಬೈಲ್ ಘಟ್ಟದಲ್ಲಿ ಬ್ರೇಕ್ ಕೈಕೊಟ್ಟಂತಾಯಿತು: 2016ರ ಡಿಜೈರ್‌ಗೆ ಯಾವ ಪ್ಯಾಡ್ ಹಾಕಿಸಲಿ?

ಗದಗದ ಡಿಜೈರ್

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಡಿಜೈರ್, ಪೆಟ್ರೋಲ್, 71,000 ಕಿ.ಮೀ. ಓಡಿದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ನನ್ನ ಕೈಗೆ ಬಂದು ಮೂರು ವರ್ಷ ಆಯಿತು. ಗದಗದಿಂದ ಹುಬ್ಬಳ್ಳಿಗೆ ವಾರಕ್ಕೆ ಎರಡು ಸಲ ಹೋಗಿ ಬರುತ್ತೇನೆ, ಉಳಿದಂತೆ ಊರೊಳಗೆ ಓಡಾಟ. ಇಲ್ಲಿಯ ರಸ್ತೆಯಲ್ಲಿ ಬ್ರೇಕ್ ಬಗ್ಗೆ ಯಾವತ್ತೂ ಯೋಚನೆ ಮಾಡಿರಲಿಲ್ಲ.

ಹೋದ ವಾರ ಮನೆಯವರೆಲ್ಲ ಸೇರಿ ಗೋಕರ್ಣಕ್ಕೆ ಹೊರಟೆವು. ಐದು ಜನ, ಡಿಕ್ಕಿ ತುಂಬ ಸಾಮಾನು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಮುಂದೆ ಒಂದು ಲೋಡ್ ಲಾರಿ ಇತ್ತು, ಅದರ ಹಿಂದೆಯೇ ಬ್ರೇಕ್ ಒತ್ತುತ್ತ ಒತ್ತುತ್ತ ಇಳಿದೆ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಮೆತ್ತಗಾಯಿತು, ಒತ್ತಿದರೆ ಒಳಗೆ ಒಳಗೆ ಹೋಗುತ್ತಿತ್ತು, ಎರಡು ಮೂರು ಸಲ ಪಂಪ್ ಮಾಡಿದರೆ ಮಾತ್ರ ಹಿಡಿಯುತ್ತಿತ್ತು. ಹಿಂದೆ ನನ್ನ ಅವ್ವ, ಅವಳ ತೊಡೆಯ ಮೇಲೆ ಮಗಳು. ಆ ಹೊತ್ತಿನ ಹೆದರಿಕೆ ಇನ್ನೂ ಹೋಗಿಲ್ಲ. ಜಾಗ ಸಿಕ್ಕ ಕಡೆ ಪಕ್ಕಕ್ಕೆ ಹಾಕಿ ಮುಕ್ಕಾಲು ಗಂಟೆ ನಿಲ್ಲಿಸಿದೆ. ತಣ್ಣಗಾದ ಮೇಲೆ ಬ್ರೇಕ್ ಮೊದಲಿನ ಹಾಗೆ ಹಿಡಿಯಿತು, ನಿಧಾನಕ್ಕೆ ಇಳಿದು ಹೋದೆವು.

ವಾಪಸ್ ಬಂದ ಮೇಲೆ ಇಲ್ಲೇ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಚಕ್ರ ಬಿಚ್ಚಿ, ಪ್ಯಾಡ್ ಮುಗಿದಿದೆ, ಹೊಸದು ಹಾಕಿದರೆ ಎಲ್ಲ ಸರಿ ಹೋಗುತ್ತದೆ ಅಂದರು. ಮೂರು ಥರ ಹೇಳಿದರು. ಮಾರುತಿ ಕಂಪನಿಯದು, ಅದಕ್ಕಿಂತ ಸ್ವಲ್ಪ ಕಡಿಮೆಗೆ ಬಾಷ್ ಅಥವಾ ಟಿವಿಎಸ್, ಮತ್ತೆ ಅರ್ಧ ರೇಟಿಗೆ ಯಾವುದೋ ಹೆಸರು ಕೇಳದ ಪೆಟ್ಟಿಗೆ, ಅದರ ಮೇಲೆ ಸೆರಾಮಿಕ್ ಅಂತ ದಪ್ಪಗೆ ಬರೆದಿದೆ. ಸೆರಾಮಿಕ್ ಅಂದರೆ ಶಾಖ ತಡೆಯುತ್ತದೆ ಅಂತ ಓದಿದ್ದೇನೆ. ಘಟ್ಟಕ್ಕೆ ಅದೇ ಒಳ್ಳೆಯದಾ? ದುಡ್ಡಿನ ಪ್ರಶ್ನೆ ಅಲ್ಲ, ಇನ್ನೊಮ್ಮೆ ಹಾಗೆ ಆಗಬಾರದು, ಅಷ್ಟೇ. ತಿಳಿದವರು ದಯವಿಟ್ಟು ಹೇಳಿ.

ಎರೆಹೊಲ

ಕಣ್ಣು ಮುಚ್ಚಿ ಕಂಪನಿ ಪ್ಯಾಡ್ ಹಾಕಿಸಿ ಅಣ್ಣಾ. ಬ್ರೇಕ್ ವಿಷಯದಲ್ಲಿ ಲೆಕ್ಕಾಚಾರ ಬೇಡ. ಇನ್ನೊಂದು ಮಾತು, ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಎಂಜಿನ್ ಮೇಲೆ ಭಾರ ಬೀಳುವುದಿಲ್ಲ, ಪೆಟ್ರೋಲೂ ಉಳಿಯುತ್ತದೆ. ನಮ್ಮ ಕಾಕಾ ಯಾವಾಗಲೂ ಹಾಗೇ ಇಳಿಸುತ್ತಾರೆ.

ಹಾವೇರಿ ಟ್ಯಾಕ್ಸಿ

ನ್ಯೂಟ್ರಲ್ ಮಾತ್ರ ಬೇಡ, ದಯವಿಟ್ಟು ಬೇಡ. ನಾನು ಹದಿನಾಲ್ಕು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ, ಅರಬೈಲ್, ದೇವಿಮನೆ, ಅನಮೋಡ ಮೂರೂ ಘಟ್ಟ ಲೆಕ್ಕವಿಲ್ಲದಷ್ಟು ಸಲ ಇಳಿದಿದ್ದೇನೆ. ನ್ಯೂಟ್ರಲ್ ಮಾಡಿದರೆ ಗಾಡಿಯನ್ನು ಹಿಡಿದಿಡುವ ಕೆಲಸ ಪೂರ್ತಿ ಬ್ರೇಕ್ ಮೇಲೆ ಬೀಳುತ್ತದೆ. ಗೇರಿನಲ್ಲಿದ್ದರೆ ಎಂಜಿನ್ನೇ ಅರ್ಧ ಹಿಡಿದಿರುತ್ತದೆ. ಪೆಟ್ರೋಲ್ ಉಳಿಯುತ್ತದೆ ಅನ್ನುವುದೂ ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಯಾಕೆಂದರೆ ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದ ಹಾಗೆ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಅಂದರೆ ಉಳಿಯುವುದು ಗೇರಿನಲ್ಲಿ. ಯಾವ ಗೇರಿನಲ್ಲಿ ಆ ಘಟ್ಟ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ನಮಗೆ ಹಿರಿಯ ಡ್ರೈವರ್‌ಗಳು ಹೇಳಿಕೊಟ್ಟಿದ್ದು ಇದು. ಐದು ಜನ ಇದ್ದರೆ ಡಿಜೈರ್‌ಗೆ ಎರಡನೇ ಗೇರ್, ಇಳಿಜಾರು ಕಡಿಮೆ ಇರುವ ಕಡೆ ಮೂರನೇದು. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬಾರದು, ಒಮ್ಮೆ ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ ಬಿಟ್ಟುಬಿಡಬೇಕು, ಆ ಬಿಟ್ಟ ಹೊತ್ತಿನಲ್ಲಿ, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೆ ಗಾಳಿ ಆಡುತ್ತದೆ. ಲಾರಿ ಹಿಂದೆ ಸಿಕ್ಕಿಕೊಂಡರೆ ಪಕ್ಕಕ್ಕೆ ಹಾಕಿ ಐದು ನಿಮಿಷ ನಿಲ್ಲಿ, ಲಾರಿ ಮುಂದೆ ಹೋಗಲಿ.

ಪ್ಯಾಡಿನ ಬಗ್ಗೆ. ಅರ್ಧ ರೇಟಿನದು ನಾನು ಒಮ್ಮೆ ಹಾಕಿಸಿ ನೋಡಿದ್ದೇನೆ, ಹೆಸರು ಬೇಡ. ಹಿಡಿತ ಚೆನ್ನಾಗಿಯೇ ಇತ್ತು. ಆದರೆ 9,000 ಕಿ.ಮೀ. ಆಗುವಷ್ಟರಲ್ಲಿ ಡಿಸ್ಕ್ ಮೇಲೆ ಉಗುರು ಸಿಕ್ಕುವಷ್ಟು ಗೀರು ಬಿದ್ದಿತ್ತು. ಪ್ಯಾಡಿನಲ್ಲಿ ಉಳಿಸಿದ ದುಡ್ಡು ಎರಡು ಡಿಸ್ಕಿಗೆ ಹೋಯಿತು, ಮೇಲೆ ಒಂದು ದಿನದ ಬಾಡಿಗೆಯೂ ಹೋಯಿತು. ಆಮೇಲೆ ನಾನು ಹೆಸರಿರುವ ಮಾಲು ಬಿಟ್ಟು ಬೇರೆ ಮುಟ್ಟಿಲ್ಲ. ಕಂಪನಿಯದು, ಟಿವಿಎಸ್, ಬಾಷ್ ಮೂರೂ ಬೇರೆ ಬೇರೆ ಸಲ ಹಾಕಿಸಿದ್ದೇನೆ, ನನ್ನ ಕಾಲಿಗೆ ದೊಡ್ಡ ವ್ಯತ್ಯಾಸ ಗೊತ್ತಾಗಿಲ್ಲ. ಹಾವೇರಿಯಿಂದ ಹುಬ್ಬಳ್ಳಿಗೆ ಹೈವೇ ಮೇಲೆ ಜಾಸ್ತಿ ಓಡಿದಾಗ ಒಂದು ಸೆಟ್ 40,000 ದಾಟಿದೆ. ಅದೇ ಗಾಡಿ ಹುಬ್ಬಳ್ಳಿ ಊರೊಳಗೆ ಲೋಕಲ್ ಬಾಡಿಗೆಗೆ ನಿಂತ ವರ್ಷ 25,000ಕ್ಕೇ ಮುಗಿಯಿತು.

ಗೋಕುಲ ರಸ್ತೆ ಗ್ಯಾರೇಜು

ತಮ್ಮಾ, ಯಾವ ಪ್ಯಾಡ್ ಅಂತ ಆಮೇಲೆ ಹೇಳುತ್ತೇನೆ. ಮೊದಲು ನನಗೆ ನಾಲ್ಕು ವಿಷಯ ಬೇಕು.

ಬಿಚ್ಚಿದ ಹಳೆಯ ಪ್ಯಾಡ್ ನೀವು ಕಣ್ಣಾರೆ ನೋಡಿದಿರಾ? ಮುಂದೆ ಒಟ್ಟು ನಾಲ್ಕು ಪ್ಯಾಡ್ ಇರುತ್ತವೆ. ಎಡಗಡೆ ಎರಡು, ಬಲಗಡೆ ಎರಡು. ನಾಲ್ಕೂ ಒಂದೇ ಸಮ ಸವೆದಿದ್ದವಾ? ಸುಟ್ಟ ವಾಸನೆ ಯಾವ ಕಡೆಯಿಂದ ಬಂತು? ಪೆಡಲ್ ಮೆತ್ತಗಾಯಿತು ಅಂದಿರಲ್ಲ, ಮೆತ್ತಗೆ ಒಳಗೆ ಹೋಯಿತಾ, ಅಥವಾ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲಲಿಲ್ಲವಾ? ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?

ಇದಕ್ಕೆ ಉತ್ತರ ಸಿಗುವ ತನಕ ಪ್ಯಾಡ್ ಕೊಳ್ಳಬೇಡಿ. ಎರಡು ದಿನ ತಡವಾದರೆ ಏನೂ ಆಗುವುದಿಲ್ಲ, ಆದರೆ ಗಾಡಿ ಊರು ಬಿಟ್ಟು ತೆಗೆಯಬೇಡಿ.

ವಿದ್ಯಾನಗರ ಶಾಲ್ಮಲಾ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ, ನನ್ನದೂ ಬ್ರೇಕ್ ಪ್ರಶ್ನೆಯೇ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುತ್ತೇನೆ, ಚಿಗರಿ ಬಸ್ಸಿನ ದಾರಿಯ ಪಕ್ಕದ ರಸ್ತೆಯಲ್ಲೇ, ಸಿಗ್ನಲ್ ಸಿಗ್ನಲ್‌ಗೂ ನಿಲ್ಲಬೇಕು. ಮಳೆ ಬಂದ ಮರುದಿನ ಬೆಳಿಗ್ಗೆ ಗಾಡಿ ತೆಗೆದರೆ ಮೊದಲ ಎರಡು ಮೂರು ಸಲ ಬ್ರೇಕ್ ಹಾಕುವಾಗ ಕರ್ ಅಂತ ಶಬ್ದ ಬರುತ್ತದೆ, ಉಣಕಲ್ ಬರುವಷ್ಟರಲ್ಲಿ ಹೋಗಿಬಿಡುತ್ತದೆ. ಪ್ಯಾಡ್ ಹಾಕಿಸಿ ನಾಲ್ಕು ತಿಂಗಳು ಆಯಿತು ಅಷ್ಟೇ. ಮತ್ತೆ ಬದಲಿಸಬೇಕಾ?

ಗೋಕುಲ ರಸ್ತೆ ಗ್ಯಾರೇಜು

ಬೇಡ ಅಕ್ಕಾ. ಡಿಸ್ಕ್ ಬೀಡು ಕಬ್ಬಿಣದ್ದು. ರಾತ್ರಿ ನೀರಿನ ಪಸೆಗೆ ಮೇಲೆ ತೆಳುವಾಗಿ ತುಕ್ಕು ಹಿಡಿಯುತ್ತದೆ, ಬೆಳಿಗ್ಗೆ ಪ್ಯಾಡ್ ಅದನ್ನು ಒರೆಸುತ್ತದೆ, ಶಬ್ದ ಅದರದೇ. ದಿನವಿಡೀ ಇದ್ದರೆ ಮಾತ್ರ ತೋರಿಸಿ. ತೆಳ್ಳನೆಯ ಕೀ ಅನ್ನುವ ಶಬ್ದ ಬಿಡದೆ ಬಂದರೆ ಪ್ಯಾಡ್ ಮುಗಿಯಿತು ಅಂತ ಲೆಕ್ಕ, ಅದಕ್ಕೆಂದೇ ತುಂಬಾ ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರುತ್ತಾರೆ, ಮಟೀರಿಯಲ್ ತೆಳುವಾದಾಗ ಅದು ಡಿಸ್ಕಿಗೆ ತಾಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಬಂದರೆ ಅವತ್ತೇ ನಿಲ್ಲಿಸಿ.

ಗದಗದ ಡಿಜೈರ್

ಅಣ್ಣಾ, ನಿನ್ನೆ ಮತ್ತೆ ಗ್ಯಾರೇಜಿಗೆ ಹೋಗಿ ಎದುರು ನಿಂತು ಬಿಚ್ಚಿಸಿದೆ. ಅಳತೆಗೆ ಸ್ಕೇಲ್ ಹಿಡಿದು ನೋಡಿದ್ದೇನೆ. ಕಬ್ಬಿಣದ ತಗಡು ಬಿಟ್ಟು ಬರೀ ಮಟೀರಿಯಲ್ ಲೆಕ್ಕ: ಎಡಗಡೆ ಒಳಗಿನದು 2 ಮಿ.ಮೀ., ಅದೂ ಒಂದು ತುದಿಯಲ್ಲಿ ಇನ್ನೂ ಕಡಿಮೆ. ಎಡಗಡೆ ಹೊರಗಿನದು 6. ಬಲಗಡೆ ಎರಡೂ 5ರ ಹತ್ತಿರ. ಎಡಗಡೆ ಒಳಗಿನ ಪ್ಯಾಡಿನ ಮೇಲ್ಮೈ ಕರಿ ಕನ್ನಡಿಯ ಹಾಗೆ ಮಿಂಚುತ್ತಿದೆ.

ವಾಸನೆ ಬಂದಿದ್ದು ಎಡಗಡೆಯಿಂದಲೇ. ಎಡಗಡೆ ಕೂತಿದ್ದ ನನ್ನ ಹೆಂಡತಿಗೇ ಮೊದಲು ಗೊತ್ತಾಗಿದ್ದು. ಗಾಡಿ ನಿಲ್ಲಿಸಿದಾಗ ಆ ಚಕ್ರದ ಹತ್ತಿರ ಕೈ ಒಯ್ಯಲು ಆಗಲಿಲ್ಲ, ಅಷ್ಟು ಬಿಸಿ. ಬಲಗಡೆ ಅಷ್ಟಿರಲಿಲ್ಲ. ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತಿತ್ತು, ಸ್ಪಂಜ್ ಒತ್ತಿದ ಹಾಗೆ. ಆಯಿಲ್ ನಾನು ತಗೊಂಡ ಮೇಲೆ ಬದಲಿಸಿಲ್ಲ, ಕಡಿಮೆಯಾದಾಗ ಒಮ್ಮೆ ಮೇಲೆ ಸ್ವಲ್ಪ ಹಾಕಿಸಿದ್ದೆ ಅಷ್ಟೇ. ಬಣ್ಣ ಡಿಕಾಕ್ಷನ್ ಥರ ಆಗಿದೆ.

ಗೋಕುಲ ರಸ್ತೆ ಗ್ಯಾರೇಜು

ಒಳ್ಳೆಯ ಕೆಲಸ ಮಾಡಿದಿರಿ. ಈಗ ಕೇಳಿ, ಸ್ವಲ್ಪ ಉದ್ದ ಆಗುತ್ತದೆ.

ಕ್ಯಾಲಿಪರ್ ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ. ನಿಮ್ಮ ಗಾಡಿಯ ಮುಂದಿನ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಳಗಡೆ ಒಂದೇ ಇರುವುದು. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ನೂಕುತ್ತದೆ. ಅದು ತಾಗಿದ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಆ ಪಿನ್ ಸಲೀಸಾಗಿ ಜಾರಬೇಕು. ಅದರ ರಬ್ಬರ್ ಬೂಟ್ ಹರಿದರೆ ಒಳಗೆ ನೀರು, ಧೂಳು ಹೋಗುತ್ತದೆ. ನಮ್ಮ ಕಡೆಯ ಎರೆಮಣ್ಣು ಗೊತ್ತಲ್ಲ, ಮಳೆಯಲ್ಲಿ ಅಂಟು, ಒಣಗಿದರೆ ಇಟ್ಟಂಗಿ. ಗ್ರೀಸ್ ಒಣಗಿ ಪಿನ್ ಜಾಮ್ ಆಗುತ್ತದೆ. ಆಗ ಕ್ಯಾಲಿಪರ್ ಜಾರುವುದಿಲ್ಲ. ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ, ಕಾಲು ತೆಗೆದರೂ ಡಿಸ್ಕ್ ಬಿಡುವುದಿಲ್ಲ, ಉಜ್ಜುತ್ತಲೇ ಇರುತ್ತದೆ. ಒಂದೇ ಕಡೆ 2, ಆಚೆ 6, ಒಂದು ತುದಿ ಇನ್ನೂ ತೆಳು. ಇದು ಪಿನ್ ಜಾಮ್ ಆದ ಗುರುತು. ಎಡಗಡೆ ಮಾತ್ರ ವಾಸನೆ, ಎಡಗಡೆ ಮಾತ್ರ ಬೆಂಕಿಯಂಥ ಬಿಸಿ. ಎಲ್ಲ ಒಂದಕ್ಕೊಂದು ಕೂಡುತ್ತದೆ.

ಈಗ ಪೆಡಲ್. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಆಯಿಲ್ ಕುದಿದಿದೆ ಅಂತ. ನಿಮ್ಮದು ಎರಡನೆಯದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಅಂಶ ಹೀರಿಕೊಳ್ಳುತ್ತದೆ, ಅದರ ಗುಣವೇ ಅದು. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಆಯಿಲ್‌ಗೆ ಅದೇ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದಕ್ಕೆ 230, ನೀರು ಹೀರಿದ್ದಕ್ಕೆ 155. ನಿಮ್ಮ ಎಡಗಡೆ ಕ್ಯಾಲಿಪರ್ ಬಿಡದೆ ಉಜ್ಜಿ ಕಾಯಿತು, ಹಳೆಯ ಆಯಿಲ್ ಅಲ್ಲಿ ಕುದಿದು ಆವಿ ಆಯಿತು. ಆಯಿಲನ್ನು ಒತ್ತಲು ಬರುವುದಿಲ್ಲ, ಆವಿಯನ್ನು ಒತ್ತಬಹುದು. ಅದಕ್ಕೇ ಪೆಡಲ್ ಸ್ಪಂಜ್ ಆಗಿದ್ದು, ತಣ್ಣಗಾದ ಮೇಲೆ ಮೊದಲಿನ ಹಾಗೆ ಆಗಿದ್ದು.

ಈ ಗಾಡಿಗೆ ನೀವು ಅಂಗಡಿಯಲ್ಲಿರುವ ಎಲ್ಲಕ್ಕಿಂತ ದುಬಾರಿ ಪ್ಯಾಡ್ ಹಾಕಿಸಿದರೂ ಮುಂದಿನ ಸಲ ಅರಬೈಲ್‌ನಲ್ಲಿ ಇದೇ ಆಗುತ್ತದೆ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಜಾಮ್ ಆದ ಕ್ಯಾಲಿಪರ್‌ನಲ್ಲಿ ಇನ್ನೂ ಬಿಗಿಯಾಗಿ ಉಜ್ಜುತ್ತದೆ. ಬೇಗ ಆಗಬಹುದು, ತಡವಾಗಿ ಅಲ್ಲ.

ಮಾಡಿಸಬೇಕಾದ್ದು ಹೇಳುತ್ತೇನೆ. ಎರಡೂ ಕಡೆಯ ಪಿನ್ ಹೊರಗೆ ತೆಗೆದು ತೊಳೆಯಲಿ. ತುಕ್ಕು ತಿಂದು ಗುಂಡಿ ಬಿದ್ದಿದ್ದರೆ ಪಿನ್ ಹೊಸದು ಹಾಕಿಸಿ. ರಬ್ಬರ್ ಬೂಟ್ ನೋಡುವುದೇ ಬೇಡ, ಹೊಸದೇ ಹಾಕಿಸಿ, ಅದರ ಕಿಟ್ ಬರುತ್ತದೆ. ಪಿನ್ನಿಗೆ ಬ್ರೇಕಿನ ಸಿಲಿಕಾನ್ ಗ್ರೀಸ್ ಹಾಕಬೇಕು. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಡಬ್ಬಿ ಕೈಗೆ ಸಿಗುತ್ತದೆ ಅಂತ ಅದನ್ನೇ ತುಂಬಿಬಿಡುತ್ತಾರೆ, ಅದಕ್ಕೆ ರಬ್ಬರ್ ಉಬ್ಬಿ ಆರು ತಿಂಗಳಲ್ಲಿ ಪಿನ್ ಮತ್ತೆ ಜಾಮ್. ಇದನ್ನು ಎದುರು ನಿಂತು ನೋಡಿ. ಪಿಸ್ಟನ್ ಕೈಯಿಂದ ಒತ್ತುವ ಸಾಧನದಲ್ಲಿ ಸಲೀಸಾಗಿ ಹಿಂದೆ ಹೋಗುತ್ತದಾ ನೋಡಲಿ, ಹೋಗದಿದ್ದರೆ ಅದರ ರಬ್ಬರ್ ಸೀಲ್ ಕಿಟ್ ಹಾಕಿಸಿ. ಪಿಸ್ಟನ್ ಹಿಂದೆ ಒತ್ತುವ ಮೊದಲು ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದಿರಬೇಕು, ಇಲ್ಲದಿದ್ದರೆ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ, ಬಿದ್ದ ಕಡೆ ಬಣ್ಣ ಎದ್ದುಬಿಡುತ್ತದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಪೈಪಿನ ಮೇಲೆ ಜೋತುಬಿಡಬಾರದು, ತಂತಿಯಿಂದ ಮೇಲೆ ಕಟ್ಟಬೇಕು.

ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಯಾವ ಡಾಟ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಸೀಲ್ ಒಡೆಯದ ಹೊಸ ಬಾಟಲಿಯೇ ಇರಲಿ, ಅರ್ಧ ಉಳಿದದ್ದು ಬೇಡ. ಆಮೇಲೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಕೂಡ ಬಿಚ್ಚಿಸಿ, 71,000 ಓಡಿದ ಗಾಡಿ, ಅಲ್ಲಿ ಪ್ಯಾಡಿನ ಕೆಲಸ ಮಾಡುವ ಶೂ ಹೇಗಿದೆ, ಒಳಗೆ ಸಿಲಿಂಡರ್ ಸೋರುತ್ತಿದೆಯಾ ಗೊತ್ತಾಗಲಿ. ಹಿಂದಿನದು ಹಿಡಿಯದಿದ್ದರೆ ಆ ಭಾರವೂ ಮುಂದಿನ ಪ್ಯಾಡಿನ ಮೇಲೆಯೇ.

ಡಿಸ್ಕ್ ಅಳತೆ ಮಾಡಿಸಿ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತಾರೆ, ತುಕ್ಕು ಉಜ್ಜಿ ನೋಡಿದರೆ ಕಾಣುತ್ತದೆ. ಅದಕ್ಕಿಂತ ಕಡಿಮೆ ಆಗಿದ್ದರೆ ಎರಡೂ ಕಡೆ ಹೊಸದು. ದಪ್ಪ ಇದ್ದು ಗೀರು ಮಾತ್ರ ಇದ್ದರೆ ಲೇತ್‌ನಲ್ಲಿ ಮೇಲ್ಮೈ ಹೆರೆದು ಟರ್ನಿಂಗ್ ಮಾಡಿಸಬಹುದು, ಟರ್ನಿಂಗ್ ಆದ ಮೇಲೂ ಆ ಅಳತೆಗಿಂತ ಮೇಲೆಯೇ ಉಳಿಯಬೇಕು.

ಪ್ಯಾಡ್ ಕೊನೆಗೆ. ಕಂಪನಿಯದು ಹಾಕಿಸಿ ಅಥವಾ ನೀವು ಹೇಳಿದ ಎರಡು ಹೆಸರಿನಲ್ಲಿ ಒಂದು ಹಾಕಿಸಿ. ಡಿಜೈರ್ ಹಗುರ ಗಾಡಿ, ಕಂಪನಿಯವರು ಹಾಕಿಕೊಟ್ಟ ಥರದ ಪ್ಯಾಡ್ ಘಟ್ಟಕ್ಕೂ ಸಾಕು. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಬಲಗಡೆ 5 ಇದೆ ಅಂತ ಹಳೆಯದನ್ನು ಉಳಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ಬಿಡಿಭಾಗದ ಕೌಂಟರ್

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹುಬ್ಬಳ್ಳಿಯಲ್ಲಿ ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ ಕೂರುತ್ತೇನೆ, ಕೊಳ್ಳುವ ವಿಷಯ ಮಾತ್ರ ಸೇರಿಸುತ್ತೇನೆ.

ಅಂಗಡಿಗೆ ಹೋಗುವಾಗ ಆರ್‌ಸಿ ಫೋಟೋ ಮತ್ತು ಹಳೆಯ ಪ್ಯಾಡ್ ಎರಡೂ ತಗೊಂಡು ಹೋಗಿ. ಡಿಜೈರ್ ಅಂದರೆ ಸಾಲದು. 2012ರಲ್ಲಿ ಬಂದ ಮಾದರಿ ಬೇರೆ, 2017ರಲ್ಲಿ ಬಂದದ್ದು ಬೇರೆ. 2017ರ ಆರ್‌ಸಿ ಇಟ್ಟುಕೊಂಡು ಹಳೆಯ ಮಾದರಿಯ ಗಾಡಿ ಓಡಿಸುವವರೂ ಇದ್ದಾರೆ. ಚಾಸಿಸ್ ನಂಬರ್ ಹಾಕಿದರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಹಳೆಯ ಪ್ಯಾಡ್ ಪಕ್ಕ ಹೊಸದು ಇಟ್ಟು ಕಿವಿ, ಅಗಲ, ಹಿಂದಿನ ತಗಡು ಎಲ್ಲ ಕೂಡುತ್ತದಾ ನೋಡಿ. ಸ್ವಲ್ಪ ಗ್ರೈಂಡ್ ಮಾಡಿದರೆ ಕೂರುತ್ತದೆ ಅಂತ ಯಾರಾದರೂ ಅಂದರೆ ಅದು ನಿಮ್ಮ ಗಾಡಿಯ ಪ್ಯಾಡ್ ಅಲ್ಲ, ವಾಪಸ್ ಕೊಡಿ.

ಸೆರಾಮಿಕ್ ಬಗ್ಗೆ ಕೇಳಿದಿರಿ. ಒಳ್ಳೆಯ ಸೆರಾಮಿಕ್ ಪ್ಯಾಡ್ ಶಬ್ದ ಕಡಿಮೆ ಮಾಡುತ್ತದೆ, ಚಕ್ರದ ಮೇಲೆ ಕರಿ ಪುಡಿ ಕಡಿಮೆ ಬೀಳುತ್ತದೆ, ಬೆಲೆಯೂ ಜಾಸ್ತಿ. ಕಬ್ಬಿಣದ ಅಂಶ ಜಾಸ್ತಿ ಇರುವ ಸೆಮಿ ಮೆಟಾಲಿಕ್ ಶಾಖ ಚೆನ್ನಾಗಿ ತಡೆಯುತ್ತದೆ, ಆದರೆ ತಣ್ಣಗಿದ್ದಾಗ ಶಬ್ದ, ಡಿಸ್ಕ್ ಬೇಗ ಸವೆಯುತ್ತದೆ. ಕಬ್ಬಿಣ ಕಡಿಮೆ, ನಾರು ಮತ್ತು ರಾಳ ಜಾಸ್ತಿ ಇರುವ ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲದೆ ಹಿಡಿಯುತ್ತದೆ, ಡಿಸ್ಕ್ ಉಳಿಸುತ್ತದೆ, ತುಂಬಾ ಕಾಯಿಸಿದರೆ ಮಾತ್ರ ಬೇಗ ಸೋಲುತ್ತದೆ. ಅರ್ಧ ರೇಟಿನ ಪೆಟ್ಟಿಗೆಯ ಮೇಲೆ ಸೆರಾಮಿಕ್ ಅಂತ ಬರೆದಿದ್ದರೆ ಅದು ಬರೀ ಬರಹ. ಆ ಪದವನ್ನು ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು.

ನೋಡಬೇಕಾದ್ದು ಬೇರೆ ಇದೆ. ತುಂಬಾ ಪ್ಯಾಡುಗಳ ಅಂಚಿನಲ್ಲೋ ಹಿಂದಿನ ತಗಡಿನಲ್ಲೋ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾದಾ ಬಿಸಿಯಲ್ಲಿ ಹಿಡಿತ ಎಷ್ಟು, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು. ಇ ಅಂದರೆ ಘರ್ಷಣೆಯ ಲೆಕ್ಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎಫ್‌ಎಫ್ ಇದ್ದರೆ ಕಾದರೂ ಹಿಡಿತ ಅದೇ ಮಟ್ಟದಲ್ಲಿ ಇರುತ್ತದೆ ಅಂತ. ಎಫ್‌ಇ ಇದ್ದರೆ ಕಾದಾಗ ಇಳಿಯುತ್ತದೆ. ಇಷ್ಟರಿಂದಲೇ ಪ್ಯಾಡ್ ಎಷ್ಟು ಬಾಳುತ್ತದೆ, ಡಿಸ್ಕ್ ತಿನ್ನುತ್ತದಾ ಅಂತ ಗೊತ್ತಾಗುವುದಿಲ್ಲ, ಆದರೆ ಅಕ್ಷರವೇ ಇಲ್ಲ, ಬ್ಯಾಚ್ ನಂಬರೂ ಇಲ್ಲ ಅನ್ನುವ ಪ್ಯಾಡಿಗಿಂತ ಇದು ಎಷ್ಟೋ ವಾಸಿ.

ಹೆಸರಿರುವ ಕಂಪನಿಯ ಪೆಟ್ಟಿಗೆಯಲ್ಲೂ ಡುಪ್ಲಿಕೇಟ್ ಬರುತ್ತದೆ. ಪೆಟ್ಟಿಗೆಯ ಮೇಲೆ ತಯಾರಿಸಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು, ಕಾನೂನೇ ಇದೆ. ಅಕ್ಷರ ಮಸುಕು, ಕಾಗುಣಿತ ತಪ್ಪು, ಎಂಆರ್‌ಪಿ ಮೇಲೆ ಚೀಟಿ ಅಂಟಿಸಿದ್ದು ಇವೆಲ್ಲ ಕಂಡರೆ ಬಿಡಿ. ಎಲ್ಲಕ್ಕಿಂತ ದೊಡ್ಡದು ಬಿಲ್. ಪಾರ್ಟ್ ನಂಬರ್ ಹಾಕಿ ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ಡುಪ್ಲಿಕೇಟ್ ಇಡುವುದಕ್ಕೆ ಹೆದರುತ್ತದೆ. ಬಿಲ್ ಬೇಡ ಅಂದರೆ ರೇಟಿನಲ್ಲಿ ಇಷ್ಟು ಬಿಡುತ್ತೇನೆ ಅಂತ ಅಂಗಡಿಯವರು ಹೇಳಿದರೆ, ಕೊನೆಗೆ ಕಳೆದುಕೊಳ್ಳುವವರು ನೀವೇ ಆಗುತ್ತೀರಿ.

ಎರೆಹೊಲ

ನ್ಯೂಟ್ರಲ್ ಬಗ್ಗೆ ನಾನು ಹೇಳಿದ್ದು ತಪ್ಪು, ಒಪ್ಪಿಕೊಂಡೆ. ಕಾಕಾನಿಗೂ ಫೋನ್ ಮಾಡಿ ಹೇಳಿದೆ. ಒಂದು ಡೌಟ್, ಪ್ಯಾಡ್ ಬದಲಿಸಿದ ಮೇಲೆ ತಕ್ಷಣ ಘಟ್ಟಕ್ಕೆ ಹೋಗಬಹುದಾ?

ಗೋಕುಲ ರಸ್ತೆ ಗ್ಯಾರೇಜು

ಹೋಗಬಾರದು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಗ್ಯಾರೇಜಿನಿಂದ ಗಾಡಿ ತೆಗೆಯುವ ಮೊದಲು ನಿಂತಲ್ಲೇ ಪೆಡಲ್ ಗಟ್ಟಿಯಾಗುವ ತನಕ ಒತ್ತಬೇಕು. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಎರಡು ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗಾಡಿ ರಿವರ್ಸ್ ತೆಗೆದವರು ಗೋಡೆಗೆ ಗುದ್ದಿದ್ದು ನನ್ನ ಕಣ್ಣೆದುರೇ ಆಗಿದೆ.

ಆಮೇಲೆ ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ, ಮಧ್ಯಮವಾಗಿ ಒತ್ತಿ 20ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಹಾಗೇ ಓಡಿಸಿ ಮತ್ತೆ ಅದೇ. ಎಂಟು ಹತ್ತು ಸಲ. ಕೊನೆಗೆ ಬ್ರೇಕ್ ಮುಟ್ಟದೆ ಐದಾರು ಕಿ.ಮೀ. ಓಡಿಸಿ ತಣ್ಣಗಾಗಲು ಬಿಡಿ. ಬಿಸಿ ಇದ್ದಾಗ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡಿನ ಮಟೀರಿಯಲ್ ಡಿಸ್ಕಿನ ಒಂದೇ ಕಡೆ ಮೆತ್ತಿಕೊಳ್ಳುತ್ತದೆ, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ. ಮೊದಲ 300 ಕಿ.ಮೀ. ಜೋರು ಬ್ರೇಕ್ ಬೇಡ.

ಇನ್ನೊಂದು, ಗ್ಯಾರೇಜಿನ ಹುಡುಗರಿಗೆ. ಡ್ರಮ್ ಬಿಚ್ಚಿದ ಮೇಲೆ ಗಾಳಿ ಪೈಪ್ ಹಿಡಿದು ಧೂಳು ಊದಬೇಡಿ. ಶೂ ಮೇಲಿನ ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅಗ್ಗದ ಮಾಲಿನಲ್ಲಿ ಏನಿದೆ ಅಂತ ಪೆಟ್ಟಿಗೆ ನೋಡಿ ಹೇಳಲು ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಣ್ಣ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ. ನನ್ನ ಜೊತೆ ಕೆಲಸ ಕಲಿತ ಹುಡುಗರಿಗೆಲ್ಲ ಇದನ್ನು ಬೈದು ಬೈದು ಹೇಳಿದ್ದೇನೆ.

ಗದಗದ ಡಿಜೈರ್

ಕೆಲಸ ಮುಗಿಯಿತು, ಹೇಳಿಯೇ ಮಲಗೋಣ ಅಂತ ಬರೆಯುತ್ತಿದ್ದೇನೆ.

ಮೊದಲಿನ ಗ್ಯಾರೇಜು ಬಿಟ್ಟು, ಎದುರು ನಿಲ್ಲಲು ಬಿಡುವ ಇನ್ನೊಂದು ಕಡೆ ಮಾಡಿಸಿದೆ. ಎಡಗಡೆ ಕೆಳಗಿನ ಪಿನ್ ಕೈಯಿಂದ ಅಲುಗಲೇ ಇಲ್ಲ, ಪಾನಾ ಹಾಕಿ ತಿರುಗಿಸಿ ತಿರುಗಿಸಿ ಎಳೆಯಬೇಕಾಯಿತು. ಹೊರಗೆ ಬಂದಾಗ ಅರ್ಧ ಉದ್ದಕ್ಕೆ ಕೆಂಪು ತುಕ್ಕು, ಬೂಟ್ ಒಳಗೆ ಒಣಗಿದ ಮಣ್ಣು. ಗೋಕುಲ ರಸ್ತೆ ಅಣ್ಣ ಗಾಡಿ ನೋಡದೆ ಹೇಳಿದ್ದು ಹಾಗೇ ಇತ್ತು. ಆ ಪಿನ್ ಹೊಸದು, ನಾಲ್ಕೂ ಬೂಟ್ ಹೊಸದು. ಸಾದಾ ಗ್ರೀಸಿಗೆ ಕೈ ಹೋಗಿತ್ತು, ನಿಲ್ಲಿಸಿ ಸಿಲಿಕಾನ್ ಗ್ರೀಸ್ ತರಿಸಿದೆ. ಆಯಿಲ್ ತೆಗೆದಾಗ ಬಾಟಲಿಯಲ್ಲಿ ಹಿಡಿದೆ, ಹೊಸದರ ಪಕ್ಕ ಇಟ್ಟು ನೋಡಿದರೆ ಚಹಾ ಮತ್ತು ಎಳ್ಳೆಣ್ಣೆ ಇಟ್ಟ ಹಾಗಿತ್ತು. ಡಿಸ್ಕ್ ಎರಡೂ ಅಳತೆಗಿಂತ ಮೇಲೆ ಇವೆ, ಎಡಗಡೆಯದಕ್ಕೆ ನೀಲಿ ಕಲೆ ಇತ್ತು, ಟರ್ನಿಂಗ್ ಮಾಡಿದ ಮೇಲೂ ದಪ್ಪ ಉಳಿದಿದೆ. ಹಿಂದಿನ ಶೂ ಚೆನ್ನಾಗಿವೆ, ಸ್ವಚ್ಛ ಮಾಡಿ ಅಡ್ಜಸ್ಟ್ ಮಾಡಿದರು. ಪ್ಯಾಡ್ ಕಂಪನಿಯದೇ ತಗೊಂಡೆ, ಬಿಲ್ ಹಾಕಿಸಿಕೊಂಡೇ.

ಮರುದಿನ ಬೆಳಿಗ್ಗೆ 6ಕ್ಕೆ ಮುಂಡರಗಿ ರಸ್ತೆಯಲ್ಲಿ 60ರಿಂದ 20 ಹತ್ತು ಸಲ ಮಾಡಿದೆ. ಆಮೇಲೆ ಹತ್ತು ದಿನ ಊರೊಳಗೇ ಓಡಿಸಿದೆ. ಈ ಭಾನುವಾರ ಅವ್ವನನ್ನು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಗುಡ್ಡದಿಂದ ಎರಡನೇ ಗೇರಿನಲ್ಲಿ ಇಳಿದೆ, ಬ್ರೇಕ್ ಒತ್ತಿದ್ದು ತಿರುವಿನಲ್ಲಿ ಮಾತ್ರ. ಕೆಳಗೆ ಬಂದು ನಿಲ್ಲಿಸಿ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಎಡ ಬಲ ಒಂದೇ ಬಿಸಿ. ಏನು ಮಾಡುತ್ತಿದ್ದೀಯ ಅಂತ ಅವ್ವ ಕೇಳಿದಳು, ಅವಳಿಗೂ ಕೈ ಹಿಡಿಸಿ ತೋರಿಸಿದೆ.

ಅಣ್ಣಾ, ಹಾವೇರಿಯವರೇ, ಕೌಂಟರಿನವರೇ, ನಿಮ್ಮ ಋಣ ದೊಡ್ಡದು.

ಗೋಕುಲ ರಸ್ತೆ ಗ್ಯಾರೇಜು

ಸಂತೋಷ ತಮ್ಮಾ. 1,000 ಕಿ.ಮೀ. ಆದಾಗ ಎಡಗಡೆ ಚಕ್ರ ಒಮ್ಮೆ ಬಿಚ್ಚಿಸಿ, ಒಳಗಿನ ಪ್ಯಾಡ್ ಹೊರಗಿನ ಪ್ಯಾಡ್ ಅಳತೆ ಮಾಡಿ ಇಲ್ಲಿ ಬರೆಯಿರಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಆ ಕಡೆಯ ಪಿಸ್ಟನ್ ಸೀಲ್ ಬಿಚ್ಚಿ ನೋಡಬೇಕಾಗುತ್ತದೆ.